ಮನೆಯ ವೈ-ಫೈ ಜಾಲ

ಮನೆಯೊಳಗಿನ ಕಂಪ್ಯೂಟರ್, ಮೊಬೈಲ್, ಟಿವಿ ಮೊದಲಾದ ಉಪಕರಣಗಳನ್ನು ತಂತಿಯಿಲ್ಲದೆ ರೇಡಿಯೊ ಅಲೆಗಳ ಮೂಲಕ ಒಂದಕ್ಕೊಂದು ಮತ್ತು ಅಂತರಜಾಲಕ್ಕೆ ಜೋಡಿಸುವ ವ್ಯವಸ್ಥೆ. ಇದರ ಕೇಂದ್ರ ರೂಟರ್. ಹೊರಗಿನಿಂದ ಬರುವ ಕೇಬಲ್ ಅಥವಾ ಫೈಬರ್ ಸಂಪರ್ಕವನ್ನು ಅದು ಎಲ್ಲ ಉಪಕರಣಗಳಿಗೂ ಹಂಚುತ್ತದೆ. ಈ ಜಾಲ ಮನೆಮನೆಗೂ ಬರಲು ಮುಖ್ಯ ಕಾರಣಗಳು ಎರಡು: ಪರವಾನಗಿ ಬೇಡದ ತರಂಗಾಂತರ ಮತ್ತು ತಯಾರಕರೆಲ್ಲರೂ ಒಪ್ಪಿದ ಒಂದೇ ಮಾನಕ.

ಮೂಲ: 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳಲ್ಲಿ ಚದುರಿದ್ದ ಕೇಂದ್ರಗಳನ್ನು ರೇಡಿಯೊ ಮೂಲಕ ಕಂಪ್ಯೂಟರಿಗೆ ಜೋಡಿಸಿದರು. ಅಲೋಹಾನೆಟ್ ಎಂಬ ಈ ಜಾಲದಲ್ಲಿ ಸಂದೇಶ ಕಳಿಸಲು ಎಲ್ಲರಿಗೂ ಒಂದೇ ವಾಹಿನಿ. ಎರಡು ಸಂದೇಶಗಳು ಡಿಕ್ಕಿಯಾದರೆ ಕಳಿಸಿದವರಿಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಕಳಿಸುತ್ತಿದ್ದರು. ಇಂದಿನ ವೈ-ಫೈ ಉಪಕರಣಗಳು ಗಾಳಿಯಲ್ಲಿ ಬೇರೆ ಸಂದೇಶವಿದೆಯೇ ಎಂದು ಮೊದಲು ಆಲಿಸಿ, ಇದ್ದರೆ ಕಾಯುತ್ತವೆ; ಕಾದು ಕಳಿಸುವ ತತ್ತ್ವ ಮಾತ್ರ ಅದೇ.

ಮಾನಕ: 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ 2.4 ಗಿಗಾಹರ್ಟ್ಸ್ ಸೇರಿದಂತೆ ಮೂರು ಆವರ್ತನ ಪಟ್ಟಿಗಳಲ್ಲಿ ಪರವಾನಗಿಯಿಲ್ಲದೆ ಸಂವಹನ ನಡೆಸಲು ಅವಕಾಶ ಕೊಟ್ಟಿತು. ಇವುಗಳಲ್ಲಿ 2.4 ಗಿಗಾಹರ್ಟ್ಸ್ ಮೈಕ್ರೋವೇವ್ ಒಲೆಗಳೂ ಬಳಸುವ ಪಟ್ಟಿ. ಆದರೆ ಒಂದು ಕಂಪನಿಯ ಉಪಕರಣ ಇನ್ನೊಂದರ ಜೊತೆ ಹೊಂದುತ್ತಿರಲಿಲ್ಲ. ಎಂಜಿನಿಯರುಗಳ ಸಂಸ್ಥೆಯಾದ ಐಇಇಇಯ, ವಿಕ್ ಹೇಯ್ಸ್ ಅಧ್ಯಕ್ಷತೆಯ ಸಮಿತಿ 1997ರಲ್ಲಿ 802.11 ಮಾನಕವನ್ನು ಹೊರತಂದಿತು. ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್; 1999ರ 802.11ಬಿಯದು 11 ಮೆಗಾಬಿಟ್. ತಯಾರಕರ ಒಕ್ಕೂಟ ಅದೇ ವರ್ಷ ಇದಕ್ಕೆ ವೈ-ಫೈ ಎಂಬ ಹೆಸರನ್ನು ಆರಿಸಿಕೊಂಡಿತು. ಆ್ಯಪಲ್ ಕಂಪನಿ 1999ರ ಜುಲೈಯಲ್ಲಿ ಐಬುಕ್ ಲ್ಯಾಪ್‌ಟಾಪಿನೊಂದಿಗೆ ಏರ್‌ಪೋರ್ಟ್ ಎಂಬ ನಿಸ್ತಂತು ಸಲಕರಣೆಯನ್ನು ಪರಿಚಯಿಸಿದಾಗ ಇದು ಮನೆಬಳಕೆಯ ವಸ್ತುವಾಯಿತು.

ಪ್ರತಿಧ್ವನಿಯ ಸಮಸ್ಯೆ: ಕೋಣೆಯೊಳಗೆ ರೇಡಿಯೊ ಅಲೆ ಗೋಡೆ, ಕಬ್ಬಿಣದ ಬೀರು, ಕನ್ನಡಿಗಳಿಗೆ ಬಡಿದು ಮರಳುತ್ತದೆ. ಒಂದೇ ಸಂದೇಶ ಹಲವು ದಾರಿಗಳಲ್ಲಿ ಹಿಂದುಮುಂದಾಗಿ ತಲುಪಿ ಕಲಸಿಹೋಗುತ್ತದೆ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ರೇಡಿಯೊ ಖಗೋಳವಿಜ್ಞಾನಿ ಜಾನ್ ಒಸಲಿವನ್ ಅವರ ತಂಡ 1990ರ ದಶಕದಲ್ಲಿ ಇದಕ್ಕೆ ಪರಿಹಾರ ರೂಪಿಸಿತು. ಮಾಹಿತಿಯನ್ನು ಅನೇಕ ನಿಧಾನದ ಎಳೆಗಳಾಗಿ ಬಿಡಿಸಿ ಏಕಕಾಲಕ್ಕೆ ಕಳಿಸಿದರೆ, ತಡವಾಗಿ ಬರುವ ಪ್ರತಿಧ್ವನಿ ಮುಂದಿನ ಸಂಕೇತವನ್ನು ಕೆಡಿಸುವುದಿಲ್ಲ. 54 ಮೆಗಾಬಿಟ್ ಮತ್ತು ಅದಕ್ಕೂ ಹೆಚ್ಚಿನ ವೇಗದ ಮಾನಕಗಳು ಈ ಬಗೆಯ ವಿಧಾನವನ್ನೇ ಆಧರಿಸಿವೆ.

ಭದ್ರತೆ: ಅಲೆಗೆ ಮನೆಯ ಕಾಂಪೌಂಡಿನ ಮಿತಿಯಿಲ್ಲ; ಹೊರಗಿನವರು ಓದದಂತೆ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸಬೇಕು. ಮೊದಲ ಗೂಢಲಿಪಿ ವ್ಯವಸ್ಥೆಯಾದ ಡಬ್ಲ್ಯುಇಪಿಯ ದೌರ್ಬಲ್ಯವನ್ನು 2001ರಲ್ಲಿ ಸಂಶೋಧಕರಾದ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ತೋರಿಸಿಕೊಟ್ಟರು. ಅದರ ಜಾಗಕ್ಕೆ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು.

ಭಾರತದಲ್ಲಿ: 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. 2005ರ ನಿಯಮಗಳು 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದವು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ವಿನಾಯಿತಿ ವಿಸ್ತರಿಸಿತು. 2.4ರ ಅಲೆ ಗೋಡೆ ದಾಟಿ ದೂರ ಹೋಗುತ್ತದೆ. 5ರದ್ದು ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಕರಾವಳಿಯ ಮುರಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಅಳವಡಿಕೆ: ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಬೀರು ಮತ್ತು ನೀರಿನ ತೊಟ್ಟಿಗಳಿಂದ ದೂರ ಇಡಬೇಕು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಕಾರ್ಖಾನೆ ಕೊಟ್ಟ ಆಡಳಿತ ಪಾಸ್‌ವರ್ಡನ್ನು ಬದಲಿಸಿ, ಕನಿಷ್ಠ ಡಬ್ಲ್ಯುಪಿಎ2 ಭದ್ರತೆಯನ್ನು ಆರಿಸಿಕೊಳ್ಳಬೇಕು. ಪರವಾನಗಿಯಿಲ್ಲದೆ ದೊರೆತ ಈ ಅಲೆಗಳು ಅಕ್ಕಪಕ್ಕದ ಮನೆಗಳಿಗೂ ಸೇರಿದವು. ಜಾಲಕ್ಕೆ ಬೀಗ ಹಾಕಿಕೊಳ್ಳುವ ಹೊಣೆ ಮಾತ್ರ ಆಯಾ ಮನೆಯವರದು.