ಉಗ್ರಾಣವೂ ಅಟ್ಟವೂ

ಒಂದು ಮನೆತನದ ಚರಿತ್ರೆಯನ್ನು ತಿಳಿಯಬಯಸುವವರು ಹಜಾರದಲ್ಲಿ ತೂಗುಹಾಕಿರುವ ಪಟಗಳನ್ನು ನೋಡುವುದು ವಾಡಿಕೆ. ಆದರೆ ಹಜಾರವು ಅತಿಥಿಗಳಿಗಾಗಿ ಸಿಂಗರಿಸಿದ ಸ್ಥಳ. ಅಲ್ಲಿರುವುದು ಮನೆಯವರು ಪರರಿಗೆ ತೋರಿಸಬಯಸಿದ್ದು ಮಾತ್ರ. ಅವರು ಬಿಡಲಾರದೆ ಇಟ್ಟುಕೊಂಡದ್ದೆಲ್ಲ ಅಟ್ಟದ ಮೇಲಿರುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಳೆಯ ಮನೆಗಳನ್ನು ಕೆಡಹುವಾಗ ಕೆಳಗಿಳಿಯುವ ಸಾಮಾನನ್ನು ಕಂಡವರಿಗೆ ಇದು ವಿದಿತವೇ ಆಗಿದೆ: ಕಿಲುಬು ಹಿಡಿದ ಹಂಡೆ, ಹಿಡಿಯಿಲ್ಲದ ಕೊಡೆ, ಮುರಿದ ತೊಟ್ಟಿಲು, ಬೀಗದಕೈ ಕಳೆದುಹೋದ ಟ್ರಂಕು. ಈ ರಾಶಿಯನ್ನು ಕಂಡು ನಗುವುದು ಸುಲಭ. ಅದು ಕೂಡಿಬಂದ ಬಗೆಯನ್ನು ವಿಚಾರಿಸಹೊರಟರೆ ಬೆಂಗಳೂರಿನ ಹಲವು ತಲೆಮಾರುಗಳ ಭಯವೂ ಆಸೆಯೂ ಗೋಚರವಾಗುತ್ತವೆ.

ಕೂಡಿಡುವ ಅಭ್ಯಾಸವು ಹಿಂದಿನವರಲ್ಲಿ ವಿವೇಕದ ಲಕ್ಷಣವೆನಿಸಿತ್ತು. ೧೮೭೬ರಿಂದ ೧೮೭೮ರ ಪರ್ಯಂತ ಮೈಸೂರು ಸೀಮೆಯನ್ನು ಬಾಧಿಸಿದ ಮಹಾಕ್ಷಾಮವನ್ನು ಜನರು ಸಂವತ್ಸರಗಳ ಹೆಸರಿನಿಂದಲೇ ಧಾತು ಈಶ್ವರ ಬರಗಾಲವೆಂದು ಕರೆದರು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲವನ್ನು ಕಂಡು ಬದುಕುಳಿದವರು ಕಣಜ ಬರಿದಾದ ಮನೆಯಲ್ಲಿ ನೆಮ್ಮದಿಯಾಗಿ ನಿದ್ರಿಸುವುದು ಹೇಗೆ? ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಬಹುದು. ಆದುದರಿಂದ ಹಳ್ಳಿಯಲ್ಲಿ ಹಗೇವು, ಪೇಟೆಯ ಮನೆಯಲ್ಲಿ ವಾಡೆ, ಕಣಜ, ಉಗ್ರಾಣಗಳು ಸಂಸಾರದ ಆಧಾರಗಳಾಗಿದ್ದವು. ‘ಇರಲಿ, ಕಷ್ಟಕಾಲಕ್ಕೆ ಬೇಕಾದೀತು’ ಎಂಬ ಮಾತಿನ ಹಿಂದೆ ಹಸಿವಿನ ನೆನಪಿತ್ತು.

ಆದರೆ ಇದೇ ವಿವೇಕಕ್ಕೆ ಇಪ್ಪತ್ತು ವರ್ಷಗಳೊಳಗೆ ಘೋರವಾದ ಪರೀಕ್ಷೆಯೊದಗಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗವಾಗಿ ಹಬ್ಬುತ್ತ ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಚಿಕ್ಕಪೇಟೆ, ದೊಡ್ಡಪೇಟೆ, ಬಳೇಪೇಟೆ, ಅರಳೇಪೇಟೆಗಳ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಗಳಲ್ಲಿ ಮುಂದೆ ಅಂಗಡಿ, ಹಿಂದೆ ವಾಸ, ನಡುವೆ ಬೆಳಕು ಕಾಣದ ಕೋಣೆಗಳು. ಅಲ್ಲಿ ಧಾನ್ಯದ ಮೂಟೆಗಳೂ ಹಳೆಯ ಬಟ್ಟೆಬರೆಗಳೂ ಇಲಿಗಳಿಗೆ ಅನ್ನವನ್ನೂ ಆಶ್ರಯವನ್ನೂ ಒದಗಿಸಿದ್ದವು. ‘ಇಲಿ ಬಿತ್ತು’ ಎಂಬ ಎರಡು ಮಾತುಗಳು ಕಿವಿಗೆ ಬಿದ್ದರೆ ಸಾಕು, ನೆರೆಹೊರೆಯವರು ಮನೆಗೆ ಬೀಗ ಹಾಕಿ ಊರ ಹೊರಗಣ ಜೋಪಡಿಗಳಿಗೆ ಹೊರಡುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಮನುಷ್ಯನಿಗೆ ತಗುಲಿಸುತ್ತದೆಂಬುದನ್ನು ಫ್ರೆಂಚ್ ವೈದ್ಯನಾದ ಸೀಮೋನ್ ಎಂಬಾತನು ಕರಾಚಿಯಲ್ಲಿ ತೋರಿಸಿಕೊಟ್ಟದ್ದು ಅದೇ ೧೮೯೮ರಲ್ಲಿ. ವೈದ್ಯಲೋಕವು ಅದನ್ನು ಒಪ್ಪಲು ಮತ್ತೂ ಕೆಲವು ವರ್ಷಗಳು ಹಿಡಿದವು. ಕಾರಣವು ತಿಳಿಯದಿದ್ದರೂ ಸರ್ಕಾರದವರು ಮನೆಗಳನ್ನು ತೆರವುಮಾಡಿಸಿ, ಸುಣ್ಣ ಬಳಿಸಿ, ಕತ್ತಲೆಯ ಕೋಣೆಗಳಿಗೆ ಬಿಸಿಲು ಬೀಳುವಂತೆ ಮಾಡಿಸಿ, ರೋಗಿಯ ಹಾಸಿಗೆಬಟ್ಟೆಗಳನ್ನು ಸುಡಿಸುತ್ತಿದ್ದರು. ಬರಗಾಲದಲ್ಲಿ ಪ್ರಾಣವನ್ನುಳಿಸಿದ ಸಂಗ್ರಹವು ಪ್ಲೇಗಿನಲ್ಲಿ ಪ್ರಾಣಕ್ಕೆ ಎರವಾಯಿತು. ಜೋಪಡಿಗೆ ಹೊರಟ ಗೃಹಿಣಿಯು ತಲೆತಲಾಂತರದಿಂದ ಬಂದ ಸಾಮಾನಿನಲ್ಲಿ ಒಂದು ಗಾಡಿಗೆ ಹಿಡಿಸುವಷ್ಟನ್ನು ಆರಿಸಿಕೊಳ್ಳಬೇಕಾಯಿತು. ಯಾವುದು ಬೇಕು, ಯಾವುದು ಬೇಡವೆಂಬ ಪ್ರಶ್ನೆಯನ್ನು ಅಷ್ಟು ನಿಷ್ಠುರವಾಗಿ ಕೇಳಿದ ಗುರುವು ಬೇರೊಬ್ಬನಿಲ್ಲ.

ಹೊಸ ಬಡಾವಣೆಗಳು ತುಂಬಿದ್ದು ಈ ಸಂಕಟದ ತರುವಾಯವೇ. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ೧೮೯೨ರಲ್ಲಿ ರೂಪುಗೊಂಡ ಚಾಮರಾಜಪೇಟೆಯು ಚಾಮರಾಜೇಂದ್ರ ಒಡೆಯರ ಹೆಸರನ್ನು ಪಡೆಯಿತು. ಬಸವನಗುಡಿ, ಮಲ್ಲೇಶ್ವರಗಳೂ ಆ ದಶಕದವೇ. ನೇರವಾದ ಅಗಲ ಬೀದಿಗಳು, ಮನೆಯ ಸುತ್ತ ಬಯಲು, ಬೆನ್ನಿಗೆ ಜಾಡಮಾಲಿಗಳು ಓಡಾಡುವ ಸಂದಿ: ಇವೆಲ್ಲದರ ಉದ್ದೇಶವು ಗಾಳಿಬೆಳಕುಗಳನ್ನು ಮನೆಯೊಳಕ್ಕೆ ಬಿಡುವುದಾಗಿತ್ತು. ಆದರೂ ಮನೆ ಕಟ್ಟಿಸಿದವರು ಉಗ್ರಾಣವನ್ನು ಮರೆಯಲಿಲ್ಲ. ಅಡಿಗೆಮನೆಯ ಪಕ್ಕಕ್ಕೆ ಅದೂ, ಬಚ್ಚಲುಮನೆಯ ಮೇಲಕ್ಕೆ ಅಟ್ಟವೂ ಬಂದವು. ೧೮೯೬ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಹರಿದುಬಂದಿತು. ಬಾವಿಯ ರಾಟೆ, ಹಗ್ಗ, ಬಿಂದಿಗೆಗಳ ಕೆಲಸ ಕಡಿಮೆಯಾಯಿತು. ೧೯೦೫ರಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಲಾಂದ್ರಗಳ ಕೆಲಸವೂ ಕ್ರಮೇಣ ತೀರಿತು. ಆದರೆ ಕೆಲಸ ತೀರಿದ ವಸ್ತು ಮನೆ ಬಿಟ್ಟು ಹೋಗಲಿಲ್ಲ. ಅದು ಅಟ್ಟವೇರಿ ಕುಳಿತಿತು. ಹೊಸ ಸೌಕರ್ಯವೊಂದು ಬಂದಾಗಲೆಲ್ಲ ಅಟ್ಟದ ಹೊರೆ ಅಷ್ಟು ಹೆಚ್ಚಿತು.

ಹೀಗಿದ್ದರೂ ಆ ಕಾಲದ ಸಂಗ್ರಹಕ್ಕೆ ಒಂದು ಮಿತಿಯಿತ್ತು. ಹಿತ್ತಾಳೆ ತಾಮ್ರಗಳ ಕೊಪ್ಪರಿಗೆ, ಕೊಳಗ, ತಪ್ಪಲೆಗಳನ್ನು ತೂಕದಿಂದ ಕೊಳ್ಳುತ್ತಿದ್ದರು. ಕಷ್ಟ ಬಂದರೆ ತೂಕದಿಂದಲೇ ಮಾರಬಹುದಾಗಿತ್ತು, ಅಡವಿಡಬಹುದಾಗಿತ್ತು. ಕಲಾಯಿಯವನು ಬಂದು ಪಾತ್ರೆಯ ಆಯುಸ್ಸನ್ನು ಹೆಚ್ಚಿಸುತ್ತಿದ್ದನು. ಒಡೆದುದು ಕರಗಿ ಮತ್ತೊಂದಾಗುತ್ತಿತ್ತು. ಹಳೆಯ ಸೀರೆಯು ಮಗುವಿನ ತೊಟ್ಟಿಲಿನ ಬಟ್ಟೆಯಾಗಿ, ಬೊಂತೆಯಾಗಿ, ಕಡೆಗೆ ಒಲೆಯ ಬಳಿಯ ಮಸಿಯರಿವೆಯಾಗಿ ಸವೆಯುತ್ತಿತ್ತು. ಬರುವ ಬಾಗಿಲಿದ್ದಂತೆ ವಸ್ತುವಿಗೆ ಹೋಗುವ ಬಾಗಿಲೂ ಇದ್ದಿತು.

ಮನೆಯಲ್ಲಿ ಉಳಿಯಬೇಕಾದ ವಸ್ತುಗಳೂ ಇರುತ್ತವೆಂಬುದನ್ನು ಮರೆಯಲಾಗದು. ನವರಾತ್ರಿಯ ಗೊಂಬೆಗಳೇ ಇದಕ್ಕೆ ನಿದರ್ಶನ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಯ ಜೋಡಿಯು ಮೇಲಿನ ಮೆಟ್ಟಿಲಿನಲ್ಲಿ. ವರ್ಷಕ್ಕೊಂದರಂತೆ ಕೂಡಿದ ಮಣ್ಣಿನ ಗೊಂಬೆಗಳು, ಚನ್ನಪಟ್ಟಣದ ಮರದ ಆಟಿಕೆಗಳು ಕೆಳಗೆ. ಮೂಗು ಮುಕ್ಕಾದ ಸೆಟ್ಟಿಯನ್ನು ಎಸೆಯಲು ಯಾವ ಅಜ್ಜಿಯೂ ಒಪ್ಪಲಾರಳು. ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಈ ಗೊಂಬೆಗಳು ವರ್ಷಕ್ಕೊಮ್ಮೆ ತಪ್ಪದೆ ಹೊರಬಂದು, ಕಂಡವರ ಕಣ್ಣಿಗೂ ಮಕ್ಕಳ ಮನಸ್ಸಿಗೂ ಹಬ್ಬವನ್ನುಂಟುಮಾಡುತ್ತವೆ. ವರ್ಷಕ್ಕೊಮ್ಮೆಯಾದರೂ ಬೆಳಕು ಕಾಣುವ ವಸ್ತುವನ್ನು ಭಾರವೆನ್ನಲಾಗದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತುಕ್ಕು ಹಿಡಿಯದ ಉಕ್ಕಿನ ಪಾತ್ರೆಗಳೂ, ಅವುಗಳ ಬೆನ್ನಿಗೆ ಪ್ಲಾಸ್ಟಿಕ್ಕೂ ಬಂದವು. ೧೯೯೧ರ ಆರ್ಥಿಕ ಸುಧಾರಣೆಗಳ ಮೇಲಂತೂ ಪದಾರ್ಥಗಳು ಪ್ರವಾಹದಂತೆ ಮನೆಗಳಿಗೆ ನುಗ್ಗಿದವು. ತೋಟವಿದ್ದ ಮನೆಗಳು ಅಪಾರ್ಟ್‌ಮೆಂಟುಗಳಾಗಿ ಸ್ಥಳವು ಕುಗ್ಗಿದ ಕಾಲದಲ್ಲಿಯೇ ಸಾಮಾನು ಬೆಳೆಯಿತೆಂಬುದು ವಿಚಿತ್ರ. ಕರಗಿಸಲಾಗದ, ಹೊಲಿಯಲಾಗದ, ಗುಜರಿಯವನಿಗೂ ಬೇಡವಾದ ವಸ್ತುಗಳಿಗೆ ಹೋಗುವ ಬಾಗಿಲು ಕಸದ ಗಾಡಿಯೊಂದೇ. ಆ ಗಾಡಿಯು ತಲಪುತ್ತಿದ್ದುದು ಎಲ್ಲಿಗೆ? ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳಿಗೆ. ೨೦೧೨ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ನಗರದ ಬೀದಿಗಳಲ್ಲೇ ರಾಶಿ ಬಿದ್ದಿತು. ಹೊರೆಯು ಮಂಡೂರಿನ ಮೇಲೆ ಹೆಚ್ಚಲು ಅಲ್ಲಿನ ಗ್ರಾಮಸ್ಥರು ಪ್ರತಿಭಟಿಸಿ, ೨೦೧೪ರ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ಅಟ್ಟದಿಂದ ಇಳಿಸಿದ್ದು ಇಲ್ಲವಾಗುವುದಿಲ್ಲ, ಇನ್ನೊಬ್ಬರ ಬಾವಿಯ ಪಕ್ಕಕ್ಕೆ ಹೋಗಿ ಬೀಳುತ್ತದೆಂಬುದನ್ನು ನಗರವು ಆಗ ಕಲಿಯಬೇಕಾಯಿತು.

ಈ ವ್ಯಾಧಿಗೆ ಸರ್ವಸಂಗಪರಿತ್ಯಾಗವೇ ಔಷಧವೆಂದರೆ ಸಂಸಾರಿಗಳು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬೇರೂರಿರುವ ಜೈನಧರ್ಮವು ಮುನಿಗೆ ಅಪರಿಗ್ರಹವನ್ನು ಪೂರ್ಣವಾಗಿ ವಿಧಿಸಿದರೂ ಶ್ರಾವಕನಿಗೆ ಹೇಳಿರುವುದು ಪರಿಗ್ರಹ ಪರಿಮಾಣವನ್ನು. ಎಂದರೆ, ಇಷ್ಟೇ ಸಾಕೆಂದು ಮೊದಲೇ ಅಳತೆಮಾಡಿಕೊಳ್ಳುವ ವ್ರತವನ್ನು. ‘ಸಾಕು’ ಎಂಬ ಮಾತು ಮನೆಯ ಯಜಮಾನನ ಬಾಯಿಂದ ಬರಬೇಕೇ ಹೊರತು ಗೋಡೆಯ ಬಾಯಿಂದ ಬರಬಾರದು. ಬಸವನಗುಡಿಯ ಸೀಮೆಯಲ್ಲಿಯೇ ಬಾಳಿದ ಡಿ. ವಿ. ಗುಂಡಪ್ಪನವರು, ೧೯೭೦ರಲ್ಲಿ ಸಾರ್ವಜನಿಕರು ತಮಗೆ ಸಮರ್ಪಿಸಿದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ತಾವು ೧೯೪೫ರಲ್ಲಿ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಹಾಗೆ ಮಾಡಿದವರು ಸಂನ್ಯಾಸಿಯಲ್ಲ, ಗೃಹಸ್ಥರು.

ಬರಗಾಲವು ಕೂಡಿಡುವುದನ್ನು ಕಲಿಸಿತು. ಪ್ಲೇಗು ಬಿಡುವುದನ್ನು ಕಲಿಸಿತು. ಮೊದಲನೆಯ ಪಾಠವನ್ನು ಮನೆಗಳು ಇಂದಿಗೂ ನೆನಪಿನಲ್ಲಿಟ್ಟಿವೆ. ಎರಡನೆಯದಕ್ಕೆ ವರ್ಷಕ್ಕೊಮ್ಮೆ ಅಟ್ಟಕ್ಕೆ ಏಣಿ ಹಾಕಿ, ಮೂಲೆಮೂಲೆಗೂ ಬೆಳಕು ಬೀಳುವಂತೆ ಮಾಡಿದರೆ ಸಾಕು.