ನೀರು ಏರಿದ ಕಾಲ: ಮುಳುಗಡೆಯಿಂದ ನಾವು ಕಲಿಯಬೇಕಾದ ಪಾಠ

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಹೇಳಿದರು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಒಬ್ಬ ಸಾಮಾನ್ಯ ಕೃಷಿಕ. ಕತ್ತಿ, ಗುದ್ದಲಿ ಹಿಡಿದು ಅಭ್ಯಾಸವೇ ಹೊರತು ಪೆನ್ನು ಹಿಡಿದು ಅಲ್ಲ. ಆದರೂ ನಿರ್ದೇಶಕನಾಗಿ ಇಲ್ಲ ಎನ್ನಲಾಗಲಿಲ್ಲ. ತಪ್ಪಿದ್ದರೆ ಸದಸ್ಯ ಬಾಂಧವರು ಮನ್ನಿಸಬೇಕು.

ಈಗ ಪೇಪರು ಬಿಚ್ಚಿದರೆ ಹವಾಮಾನ ಬದಲಾವಣೆ, ಸಮುದ್ರ ಏರುತ್ತಿದೆ ಎಂಬ ಸುದ್ದಿ. ಘಟ್ಟದ ಮೇಲಿರುವ ನಮಗೆ ಸಮುದ್ರದ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ನೀರು ಏರಿ ಮನೆ ಬಿಡುವುದು ಎಂದರೇನು ಎಂಬುದು ಶರಾವತಿ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಚರಿತ್ರೆಯನ್ನೇ ಇಲ್ಲಿ ನನಗೆ ತಿಳಿದಷ್ಟು ಬರೆಯುತ್ತೇನೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ, ಸಾಗರಕ್ಕೆ ಬಂದು, ಜೋಗದಲ್ಲಿ ಬಿದ್ದು, ಗೇರುಸೊಪ್ಪೆ ಮೇಲೆ ಹೋಗಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನಮ್ಮ ಮೂರೂ ತಾಲ್ಲೂಕುಗಳನ್ನು ಸಮುದ್ರದ ಜೊತೆ ಕಟ್ಟಿದ ಹಗ್ಗ ಈ ಹೊಳೆ. ಇದಕ್ಕೆ ಮೊದಲ ದೊಡ್ಡ ಕಟ್ಟೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1939ರಲ್ಲಿ ಕೆಲಸ ಶುರುವಾಯಿತು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಬಂತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಹಿಡಿಯುವ ನೀರು 151 ಟಿ.ಎಂ.ಸಿ.ಗೂ ಹೆಚ್ಚು. ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು. ನೀರು ತೀರಾ ತಗ್ಗಿದ ವರ್ಷ ಈಗಲೂ ಅದು ಎದ್ದು ಕಾಣುತ್ತದೆ. ಮೊದಲ ಕಟ್ಟೆಗೆ ಮನೆ ಬಿಟ್ಟು ಮೇಲೆ ಬಂದವರಲ್ಲಿ ಕೆಲವರು ಎರಡನೆಯದಕ್ಕೂ ಏಳಬೇಕಾಯಿತು. ಹೊಸನಗರದವರಿಗೆ ಅಷ್ಟಕ್ಕೇ ಮುಗಿಯಲಿಲ್ಲ. ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಅಣೆಕಟ್ಟು ಎಂದು ಒಂದರ ಹಿಂದೆ ಒಂದು ಬಂದವು. ನಾಡಿಗೆ ಬೆಳಕು ಬಂತು, ಅದು ಸಂತೋಷವೇ. ಆದರೆ ಆ ಬೆಳಕಿಗೆ ಎಣ್ಣೆ ಹೊಯ್ದವರು ನಮ್ಮವರು.

ನಮ್ಮ ಅಜ್ಜನ ಮನೆಯೂ ಲಿಂಗನಮಕ್ಕಿಯಲ್ಲಿ ಹೋಯಿತು. ಅಪ್ಪಯ್ಯ ಆಗ ಸಣ್ಣ ಹುಡುಗ. ಅವರು ಹೇಳುತ್ತಿದ್ದ ಒಂದು ಸಂಗತಿ ನಾನು ಮರೆಯುವುದಿಲ್ಲ. ಸರ್ವೆಯವರು ಬಂದು ನೀರು ಎಲ್ಲಿವರೆಗೆ ಬರುತ್ತದೆ ಎಂದು ಗುರುತಿನ ಕಲ್ಲು ನೆಟ್ಟು ಹೋದರಂತೆ. ಕಲ್ಲು ಇದ್ದದ್ದು ಮನೆಯ ಹಿಂದಿನ ಗುಡ್ಡದ ಮೇಲೆ! ಅಜ್ಜ ನಕ್ಕುಬಿಟ್ಟರಂತೆ. "ಎಷ್ಟು ಆಶ್ಲೇಷ ಮಳೆ ಕಂಡಿಲ್ಲ ನಾವು? ಹೊಳೆ ಗದ್ದೆ ಬದು ದಾಟಿ ಬಂದದ್ದಿಲ್ಲ. ಗುಡ್ಡ ಹತ್ತಿ ಬರ್ತದಾ ಮಾರಾಯ?" ಎಂದು ಆ ವರ್ಷವೂ ತೋಟಕ್ಕೆ ಸೊಪ್ಪು ಹಾಕಿಸಿದರು. ಅಜ್ಜ ದಡ್ಡರಾಗಿರಲಿಲ್ಲ. ಅವರ ಲೆಕ್ಕವೆಲ್ಲ ಹಳೆಯ ಹೊಳೆಯ ಲೆಕ್ಕವಾಗಿತ್ತು. ನೀರು ಬಂದದ್ದು ಹೊಸ ಲೆಕ್ಕದಲ್ಲಿ. ಕೊನೆಗೆ ಅಂಗಳಕ್ಕೆ ನೀರು ಬಂದಾಗ ಪಾತ್ರೆ, ಅಕ್ಕಿಮುಡಿ, ದೇವರ ಪೆಟ್ಟಿಗೆ ಲಾರಿಗೆ ಹಾಕಿ ಹೊರಟರು. ದನಗಳನ್ನು ನಡೆಸಿಕೊಂಡು ಹೋದರು.

ಮುಂದೆ ಏನಾಯಿತು ಎಂಬುದು ಬಹಳ ಮನೆಗಳ ಕಥೆ. ಕಾಡಿನ ಜಾಗ ತೋರಿಸಿದರು, ಕಡಿದು ಸಾಗು ಮಾಡಿದರು, ಆದರೆ ಹಕ್ಕುಪತ್ರ ಎಲ್ಲರ ಕೈಗೆ ಬರಲಿಲ್ಲ. ಗೇಣಿಗೆ ಮಾಡುತ್ತಿದ್ದವರ ಪಾಡು ಇನ್ನೂ ಕಷ್ಟ. ಸಾಗರ ಸೀಮೆಯಲ್ಲಿ 1951ರಲ್ಲೇ ಕಾಗೋಡು ಸತ್ಯಾಗ್ರಹ ನಡೆದಿತ್ತು ನಿಜ, ಆದರೆ ಗೇಣಿದಾರನಿಗೆ ಭೂಮಿ ಕೊಡುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಆ ಗದ್ದೆಗಳು ನೀರಿನಡಿ ಹತ್ತು ವರ್ಷ ಕಳೆದಿದ್ದವು. ಸಂತ್ರಸ್ತರಿಗಾಗಿ ಅರಣ್ಯ ಭೂಮಿ ಬಿಡಿಸಿ ಮಾಡಿದ ಆದೇಶಗಳು ಕೇಂದ್ರದ ಒಪ್ಪಿಗೆ ಇಲ್ಲವೆಂದು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ಹಿನ್ನೀರಿನಾಚೆ ಉಳಿದವರು ಲಾಂಚಿಗೆ ಕಾದು ಕಾದು ಬದುಕಿದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದದ್ದು 2025ರ ಜುಲೈಯಲ್ಲಿ. ಲೆಕ್ಕ ಹಾಕಿ, ಅರವತ್ತೊಂದು ವರ್ಷ! ಇದನ್ನೆಲ್ಲ ಕಣ್ಣಾರೆ ಕಂಡ ನಮ್ಮ ಸಾಗರದ ನಾ. ಡಿಸೋಜರು "ಮುಳುಗಡೆ", "ದ್ವೀಪ" ಎಂಬ ಕಾದಂಬರಿಗಳನ್ನೇ ಬರೆದರು. "ದ್ವೀಪ" 2002ರಲ್ಲಿ ಸಿನಿಮಾ ಕೂಡ ಆಯಿತು.

ಆದರೆ ನಮ್ಮ ಹಿರಿಯರು ಎಲ್ಲದರಲ್ಲೂ ಸೋತವರಲ್ಲ. ಕೊಳೆರೋಗದ ಕಥೆ ನೋಡಿ. ಮೊದಲು ಮಳೆಗಾಲದಲ್ಲಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಮೈಸೂರು ಸರಕಾರದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಹೊಡೆಯಲು ತೋರಿಸಿಕೊಟ್ಟರು. ಅವರು 1910ರಲ್ಲಿ ಬರೆದ ವರದಿಯ ಹೆಸರಿನಲ್ಲೇ ನಮ್ಮ "ಕೊಳೆರೋಗ" ಎಂಬ ಕನ್ನಡ ಮಾತಿದೆ. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರ್ ಎಂಬುದು ಇವತ್ತು ಮಕ್ಕಳಿಗೂ ಗೊತ್ತು. ಹೊಸ ವಿದ್ಯೆಯನ್ನು ನಂಬಿದರು, ಉಳಿದರು. ಬೆಲೆಯ ವಿಷಯದಲ್ಲೂ ಹಾಗೆಯೇ. ಒಬ್ಬೊಬ್ಬನೇ ಮಾರಿದರೆ ಆಗದು ಎಂದು 1939ರಲ್ಲಿ ಮ್ಯಾಮ್ಕೋಸ್, 1973ರಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡರು.

ಈಗ ನಮ್ಮ ಕಾಲಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ತೋಟ, ಗದ್ದೆ ಮಣ್ಣಿನಡಿ ಹೋಯಿತು. 2023ರಲ್ಲಿ ಮಳೆಯೇ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೊಳೆರೋಗದ ಜೊತೆಗೆ ಎಲೆಚುಕ್ಕೆ ರೋಗ ಬಂದು ಕೂತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದಂತೆ. ಅದು ಸುರಿಯುವಾಗ ಒಟ್ಟಿಗೇ ಸುರಿಯುತ್ತದೆ. ಹಾಗಾಗಿಯೇ ಎರಡನೇ ಸಲದ ಔಷಧಿ ಹೊಡೆಯಲು ಬಿಡುವು ಸಿಗುವುದಿಲ್ಲ, ಬೇಸಿಗೆಯಲ್ಲಿ ತೋಟಕ್ಕೆ ನೀರೂ ಸಾಲುವುದಿಲ್ಲ.

ಸಮುದ್ರದ ಲೆಕ್ಕವೂ ಹೀಗೇ. ನೀರು ಬಿಸಿಯಾಗಿ ಹಿಗ್ಗುತ್ತದೆ, ಹಿಮ ಕರಗಿ ಬಂದು ಸೇರುತ್ತದೆ. 1901ರಿಂದ 2018ರ ಒಳಗೆ ಪ್ರಪಂಚದ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಒಂದು ಗೇಣು ಅಷ್ಟೇ ಎನ್ನಬಹುದು. ಆದರೆ ಕೊನೆಕೊನೆಗೆ ವರ್ಷಕ್ಕೆ 3.7 ಮಿಲಿಮೀಟರಿನಂತೆ ವೇಗ ಹೆಚ್ಚಿದೆ. ಘಟ್ಟದ ಕೆಳಗಿನವರ ಬಾವಿಗೆ ಉಪ್ಪು ನುಗ್ಗಿದರೆ, ಮನೆ ಕಡಲಿಗೆ ಹೋದರೆ ಅವರು ಎಲ್ಲಿಗೆ ಹೋಗಬೇಕು? ಅವರೂ ನಮ್ಮ ಹಾಗೆ ಮುಳುಗಡೆಯವರೇ ಆಗುತ್ತಾರೆ.

ನೀರಿನ ಜೊತೆ ಬದುಕಲು ಕಲಿತವರೂ ಇದ್ದಾರೆ. ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ತೆನೆ ಮಾತ್ರ ಕೊಯ್ದು ಹುಲ್ಲು ಬಿಟ್ಟರೆ ಅದೇ ಜಾಗದಲ್ಲಿ ಮೀನು, ಸಿಗಡಿ. ಹಾಲೆಂಡ್ ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಲ್ಲಿನ ರೈತರು 13ನೇ ಶತಮಾನದಿಂದಲೇ ನೀರಿನ ಮಂಡಳಿ ಮಾಡಿಕೊಂಡು, ಎಲ್ಲರೂ ಪಾಲು ಹಾಕಿ ದಂಡೆ ಕಾಯುತ್ತಾ ಬಂದಿದ್ದಾರೆ. 1953ರಲ್ಲಿ ದಂಡೆ ಒಡೆದು 1,836 ಜನ ತೀರಿಕೊಂಡಾಗ ಇನ್ನೂ ದೊಡ್ಡ ಕಟ್ಟೆಗಳನ್ನು ಕಟ್ಟಿದರು. ನನ್ನ ಕಣ್ಣಿಗೆ ಅದೂ ಒಂದು ಸಹಕಾರ ಸಂಘವೇ. ನಮ್ಮಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದ್ದೂ ಒಬ್ಬನಿಂದ ಆಗದ್ದು ಹತ್ತು ಜನರಿಂದ ಆದೀತು ಎಂದೇ.

ಹಾಗಾದರೆ ನಮ್ಮ ಸಂಘ ಏನು ಮಾಡಬಹುದು? ನನ್ನ ಸಣ್ಣ ಬುದ್ಧಿಗೆ ತೋಚಿದ ನಾಲ್ಕು ಮಾತು. ಒಂದು, ಸಂಘದ ಅಂಗಳದಲ್ಲೇ ಮಳೆ ಅಳೆಯುವ ಮಾಪಕ ಇಟ್ಟು ದಿನವೂ ಪುಸ್ತಕದಲ್ಲಿ ಬರೆದಿಡಬೇಕು. ಅಡಿಕೆ, ಕಾಳುಮೆಣಸಿನ ಬೆಳೆವಿಮೆ ತೀರ್ಮಾನವಾಗುವುದೇ ಹವಾಮಾನದ ಲೆಕ್ಕದ ಮೇಲೆ. ನಮ್ಮದೂ ಒಂದು ಲೆಕ್ಕ ಇದ್ದರೆ ಕೇಳಲು ಬಾಯಿ ಇರುತ್ತದೆ. ಎರಡು, ವಿಮೆ ಕಂತು ಕಟ್ಟುವ ಕೊನೇ ದಿನದವರೆಗೆ ಯಾರೂ ಕಾಯಬಾರದು. "ಹೋದ ವರ್ಷ ಬರಲಿಲ್ಲ, ಈ ವರ್ಷ ಬೇಡ" ಎನ್ನುವ ಮಾತು ನಾನೂ ಆಡಿ ಕೆಟ್ಟಿದ್ದೇನೆ. ಮೂರು, ಪಹಣಿ, ಹಕ್ಕುಪತ್ರ, ಪೌತಿ ಖಾತೆ ಸರಿಮಾಡಿಕೊಳ್ಳಲು ಸಂಘ ವರ್ಷಕ್ಕೊಂದು ದಿನ ಇಡಲಿ. ಕಾಗದ ಇಲ್ಲದವನಿಗೆ ನೀರು ಬಂದ ದಿನ ಯಾರೂ ಇಲ್ಲ ಎಂಬುದನ್ನು ಮುಳುಗಡೆ ನಮಗೆ ಕಲಿಸಿದೆ. ನಾಲ್ಕು, ಲಾಭದಲ್ಲಿ ಸ್ವಲ್ಪ ಎತ್ತಿಟ್ಟು ಒಂದು ಆಪತ್ತು ನಿಧಿ ಮಾಡೋಣ. ಇದರ ಜೊತೆಗೆ ಇರುವ ಗದ್ದೆಯನ್ನೆಲ್ಲ ತೋಟ ಮಾಡಿ, ಬೆಟ್ಟ ಬೋಳಿಸಿ, ಬೋರು ಕೊರೆದು ಮಳೆಯನ್ನು ಬೈಯುವುದನ್ನೂ ನಾವು ನಿಲ್ಲಿಸಬೇಕು.

ಅಪ್ಪಯ್ಯ ಹೇಳಿದ್ದ ಆ ಗುರುತಿನ ಕಲ್ಲು ನನ್ನ ಮನಸ್ಸಿನಲ್ಲಿ ಹಾಗೇ ನಿಂತಿದೆ. ಇವತ್ತು ಎಲೆಚುಕ್ಕೆ ಬಿದ್ದ ಹೆಡೆ, ಕುಸಿದ ಗುಡ್ಡ, ಬತ್ತಿದ ಬಾವಿ ಇವೆಲ್ಲ ನಮ್ಮ ಮನೆ ಹಿಂದೆ ನೆಟ್ಟ ಗುರುತಿನ ಕಲ್ಲುಗಳೇ. ಅಜ್ಜನಿಗೆ ಅದನ್ನು ಓದಿ ಹೇಳುವವರು ಯಾರೂ ಇರಲಿಲ್ಲ. ನಮಗೆ ಸಂಘವಿದೆ. ಸಂಘ ಐವತ್ತು ವರ್ಷ ತುಂಬುವಾಗ ನಮ್ಮ ಮಕ್ಕಳು ಇದೇ ಊರಲ್ಲಿ, ಇದೇ ತೋಟದಲ್ಲಿ ಇದ್ದು ಇನ್ನೊಂದು ಸಂಚಿಕೆ ತರಲಿ ಎಂದು ಹಾರೈಸುತ್ತೇನೆ.