ಅವಮೌದರ್ಯವೂ ತೂಕ ಇಳಿಸುವ ಹಂಬಲವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿಗೆ ಸೇರಿದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಪ್ರಾಕೃತ ಲೇಖವು ಅವರ ಆರೋಗ್ಯವನ್ನು ವಿಚಾರಿಸುವ ಮಾತಿನಿಂದಲೇ ಆರಂಭವಾಗುತ್ತದೆ. ರಾಜಾಜ್ಞೆಯ ವಿಷಯವೇನಿದ್ದರೂ ಅದರ ನಂತರ. ಕನ್ನಡ ನಾಡಿನ ಅತಿ ಪ್ರಾಚೀನ ಬರಹಗಳಲ್ಲಿ ಒಂದಾದ ಇಲ್ಲಿಯೇ ‘ಆರೋಗ್ಯ’ದ ಪ್ರಸ್ತಾಪವಿರುವುದು ಗಮನಾರ್ಹ.

ಇಂದು ಆ ಪದದ ಅರ್ಥ ಸಂಕುಚಿತವಾಗಿದೆ. ತೆಳ್ಳಗಿರುವುದೇ ಆರೋಗ್ಯ, ತೂಕ ಇಳಿದರೆ ಸಾಕು ಎಂಬ ಭಾವನೆ ಬೇರೂರಿದೆ. ಬೆಳಗಿನ ಉಪಾಹಾರವಿಲ್ಲದೆ ತರಗತಿಗೆ ಬಂದು ಸೊರಗುವ ವಿದ್ಯಾರ್ಥಿನಿಯರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಜೈನರ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ದಶಲಕ್ಷಣ ಪರ್ವದ ಉಪವಾಸದಿಂದ ಪುಣ್ಯವೂ ಬರುತ್ತದೆ, ಮೈಯೂ ಇಳಿಯುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಆದುದರಿಂದ ನಮ್ಮ ಪ್ರಾಚೀನ ಗ್ರಂಥಗಳು ಈ ಕುರಿತು ಏನು ಹೇಳಿವೆ ಎಂಬುದನ್ನು ಪರಿಶೀಲಿಸುವುದು ಉಚಿತ.

ಮೊದಲಿಗೆ, ತೆಳ್ಳಗಿರುವುದು ಎಲ್ಲ ಕಾಲದಲ್ಲೂ ಹಂಬಲದ ವಸ್ತುವಾಗಿರಲಿಲ್ಲ. ಚಳ್ಳಕೆರೆ, ಮೊಳಕಾಲ್ಮುರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಇಲ್ಲಿ ಬಡಕಲು ಮೈ ಬರದ ಗುರುತಾಗಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದುದಕ್ಕೆ 1876–78ರ ಘೋರ ಕ್ಷಾಮವೇ ಮುಖ್ಯ ಕಾರಣ. ವೈದ್ಯಶಾಸ್ತ್ರವೂ ಕೃಶತೆಯನ್ನು ಹೊಗಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ನಿಂದಿತವೆಂದು ಎಣಿಸುವ ಎಂಟು ಬಗೆಯ ದೇಹಗಳಲ್ಲಿ ಅತಿಸ್ಥೂಲದೊಡನೆ ಅತಿಕೃಶವೂ ಸೇರಿದೆ.

ಹಸಿದಷ್ಟೂ ಒಳಿತೆಂಬುದು ಎಲ್ಲಕ್ಕಿಂತ ಪ್ರಬಲವಾದ ತಪ್ಪುಕಲ್ಪನೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ತಕ್ಕಡಿ ತೋರುವ ಇಳಿಕೆಯ ಬಹುಪಾಲು ನೀರಿನದು. ಹಸಿವು ಮುಂದುವರಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಧರ್ಮದ ದೃಷ್ಟಿಯಿಂದಲೂ ಈ ಲೆಕ್ಕ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನಶನವನ್ನು ವಿವರಿಸುವಾಗ, ಅದು ಕಣ್ಣಿಗೆ ಕಾಣುವ ಲೌಕಿಕ ಫಲವನ್ನು ಅಪೇಕ್ಷಿಸದೆ ಮಾಡುವಂಥದ್ದು ಎಂದು ಸ್ಪಷ್ಟಪಡಿಸಿದ್ದಾರೆ. ತಕ್ಕಡಿಯ ಮುಳ್ಳನ್ನು ನೋಡುತ್ತ ಮಾಡಿದ ಉಪವಾಸ ಅವರ ಅರ್ಥದಲ್ಲಿ ತಪಸ್ಸಾಗದು.

ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂಬುದು ಮೂಲಾಚಾರ, ಭಗವತೀ ಆರಾಧನಾ ಮುಂತಾದ ಗ್ರಂಥಗಳ ಲೆಕ್ಕ. ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಈ ತಪಸ್ಸು ಆರಂಭವಾದಂತೆಯೇ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸುಖವಾದ ಸ್ವಾಧ್ಯಾಯ ಇವೇ ಅದರ ಪ್ರಯೋಜನವೆನ್ನುತ್ತಾರೆ ಪೂಜ್ಯಪಾದರು. ಹಸಿವಿನಿಂದ ತಲೆ ಸುತ್ತುವವರಿಗೆ ಸ್ವಾಧ್ಯಾಯ ಸಾಧ್ಯವೆ? ಮಿತಿಯನ್ನು ಅಳೆಯುವ ಒರೆಗಲ್ಲು ಇಲ್ಲಿಯೇ ಇದೆ.

ಎರಡನೆಯ ಭ್ರಮೆ ಸಿರಿಧಾನ್ಯಗಳದು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್ ಅವರು ನಯಗೊಳಿಸಿದ ಕಲ್ಲುಕೊಡಲಿಗಳ ಸಂಸ್ಕೃತಿ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ ಮತ್ತು ಆಂಧ್ರ ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿದರು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಗಳು ಪ್ರಮುಖವಾಗಿವೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕೊರಲೆಯ ಬೆಳೆ ಇಂದಿಗೂ ಉಳಿದಿದೆ. ಸ್ಥೂಲರಿಗೆ ಚರಕನು ಹೇಳುವ ಆಹಾರಗಳಲ್ಲಿಯೂ ಹುರುಳಿ, ಹೆಸರು, ನವಣೆಗಳಿವೆ. ಆದರೆ ಅವನ ತತ್ತ್ವವೆಂದರೆ ಬೇಗ ಜೀರ್ಣವಾಗದ, ಆದರೆ ಮೈ ಬೆಳೆಸದ ಆಹಾರ. ಕಾಳಿಗೆ ಕೊಬ್ಬು ಕರಗಿಸುವ ಮಂತ್ರಶಕ್ತಿಯೇನೂ ಇಲ್ಲ. ನೂರು ಗ್ರಾಂ ನವಣೆಗೂ ಅಷ್ಟೇ ಅಕ್ಕಿಗೂ ಶಕ್ತಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ನಾರು ಹೆಚ್ಚಿರುವುದರಿಂದ ಬೇಗ ತೃಪ್ತಿಯಾಗಬಹುದು, ಅಷ್ಟೆ. ಅನ್ನದ ಜಾಗದಲ್ಲಿ ನವಣೆಯನ್ನಿಟ್ಟು ಎರಡರಷ್ಟು ಉಂಡರೆ ಫಲವೇನು? ಹೊಲದಲ್ಲಿ ದಿನವಿಡೀ ದುಡಿದ ಹಿರಿಯರ ಮೈಕಟ್ಟಿಗೆ ಮುದ್ದೆಯೊಂದೇ ಕಾರಣವೆನ್ನುವುದು ಅವರ ದುಡಿಮೆಯನ್ನು ಮರೆತಂತೆ.

ಮೂರನೆಯದು, ಯಾವುದೋ ಒಂದು ಪದಾರ್ಥವೇ ಸಕಲ ದೋಷಕ್ಕೂ ಮೂಲವೆಂಬ ನಂಬಿಕೆ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳನ್ನು ಹೇಳಿದೆ. ಇವುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಡುವುದು ನಾಲಗೆಯ ಆಸೆಯನ್ನು ಗೆಲ್ಲಲು. ತುಪ್ಪವನ್ನು ಬಿಟ್ಟು, ಅದರ ಕೊರತೆಯನ್ನು ಸಿಹಿಯಿಂದ ತುಂಬಿಕೊಂಡರೆ ತ್ಯಾಗವೂ ಇಲ್ಲ, ಇಳಿಕೆಯೂ ಇಲ್ಲ. ಬೆಳಗ್ಗೆ ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದೆಂಬ ಮಾತೂ ಇಂಥದೇ. ಜೇನಿನ ಬಹುಭಾಗ ಸಕ್ಕರೆಯೇ. ಮದ್ಯ, ಮಾಂಸ, ಮಧುಗಳನ್ನು ತೊರೆಯುವುದು ಶ್ರಾವಕರ ಮೂಲಗುಣಗಳಲ್ಲಿ ಸೇರಿರುವುದರಿಂದ ನಮಗಂತೂ ಆ ಪ್ರಶ್ನೆಯೇ ಏಳದು.

ಇನ್ನು ‘ಸಲ್ಲೇಖನ’ವೆಂಬ ಪದವನ್ನೂ ಕೆಲವರು ಈ ಚರ್ಚೆಗೆ ಎಳೆದುತರುತ್ತಾರೆ. ತೆಳುವಾಗಿಸುವುದೆಂಬ ಅರ್ಥ ಅದರಲ್ಲಿದೆ, ನಿಜ. ಆದರೆ ಪೂಜ್ಯಪಾದರ ನಿರ್ವಚನದಲ್ಲಿ ಕಾಯದೊಡನೆ ಕಷಾಯಗಳೂ ಕೃಶವಾಗಬೇಕು. ಕ್ರೋಧ, ಮಾನ, ಮಾಯೆ, ಲೋಭಗಳು ತಗ್ಗದೆ ದೇಹ ಮಾತ್ರ ಸೊರಗಿದರೆ ಅದಕ್ಕೆ ಆ ಹೆಸರಿಲ್ಲ. ಪರಿಹಾರವಿಲ್ಲದ ರೋಗ, ಮುಪ್ಪು, ದುರ್ಭಿಕ್ಷ, ಉಪಸರ್ಗಗಳ ಸಂದರ್ಭಕ್ಕೆ ಮಾತ್ರ ರತ್ನಕರಂಡಕ ಶ್ರಾವಕಾಚಾರವು ಅದನ್ನು ಹೇಳಿದೆ. ಶ್ರವಣಬೆಳಗೊಳದ ನಿಸಿಧಿ ಶಾಸನಗಳಲ್ಲಿ ಸ್ಮರಿಸಲ್ಪಟ್ಟವರಿಗೂ ಕನ್ನಡಿಯ ಮುಂದೆ ನಿಂತು ಮೈಯನ್ನು ಹಳಿದುಕೊಳ್ಳುವವರಿಗೂ ಸಂಬಂಧವಿಲ್ಲ.

ಸ್ಥೌಲ್ಯವನ್ನು ಬಿಡಬಯಸುವವನು ವ್ಯಾಯಾಮಾದಿಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆನ್ನುತ್ತಾನೆ ಚರಕ. ಹತ್ತು ದಿನಗಳಲ್ಲಿ ಹತ್ತು ಕಿಲೋ ಇಳಿಸುವೆವೆಂಬ ಜಾಹೀರಾತುಗಳಿಗೆ ಇದೊಂದೇ ಮಾತು ಸಾಕಾದ ಉತ್ತರ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನೂ ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ ಮೊದಲ ಒಂದು ವರ್ಷ ಹೆಚ್ಚು ಪರಾಕ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ ಪರಾಕ್ರಮಿಸಿದೆ ಎಂದಿದ್ದಾನೆ. ಅದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಲಭ್ಯವೆಂದು ಸೇರಿಸಿದ್ದಾನೆ. ಅವನು ಹೇಳಿದ್ದು ಧರ್ಮದ ವಿಷಯ. ಆದರೂ ದೇಹದ ವಿಷಯದಲ್ಲಿ ಈ ಮಾತು ಸುಳ್ಳಾಗುವುದಿಲ್ಲ.